ಎರಡು ಊರುಗಳ ನಡುವೆ ಬೆಳೆಯುವ ಕೂಸು: ಮುಂಬಯಿಯ ಕನ್ನಡ ಆರೋಗ್ಯ ಸ್ವಯಂಸೇವಕಿಯರಿಗೆ ಒಂದು ಮಾರ್ಗದರ್ಶಿ

ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಬಂದು ಮುಂಬಯಿಯ ಕಟ್ಟಡ ಕಾಮಗಾರಿಗಳಲ್ಲಿ ದುಡಿಯುವ ಕುಟುಂಬಗಳಲ್ಲಿ ಚೊಚ್ಚಲ ಹೆರಿಗೆ ಸಾಮಾನ್ಯವಾಗಿ ತವರಿನಲ್ಲೇ ಆಗುತ್ತದೆ. ಏಳೆಂಟು ತಿಂಗಳ ಬಸುರಿ ಉದ್ಯಾನ್ ಎಕ್ಸ್‌ಪ್ರೆಸ್ ಹತ್ತಿ ಊರಿಗೆ ಹೋಗುತ್ತಾಳೆ. ಮೂರು ಇಲ್ಲವೇ ಐದು ತಿಂಗಳ ಬಾಣಂತನ ಮುಗಿಸಿಕೊಂಡು ಕೂಸಿನೊಂದಿಗೆ ಮುಂಬಯಿಯ ಖೋಲಿಗೆ ಮರಳುತ್ತಾಳೆ. ಆ ಹೊತ್ತಿಗೆ ಊರಿನ ಆಶಾ ಕಾರ್ಯಕರ್ತೆಯ ಕಣ್ಣಿನಿಂದ ಕೂಸು ದೂರವಾಗಿರುತ್ತದೆ, ಮುಂಬಯಿಯ ಹೆಲ್ತ್ ಪೋಸ್ಟಿನ (ಪಾಲಿಕೆಯ ಚಿಕ್ಕ ಆರೋಗ್ಯ ಕೇಂದ್ರದ) ಪಟ್ಟಿಗೆ ಅದರ ಹೆಸರು ಇನ್ನೂ ಸೇರಿರುವುದಿಲ್ಲ. ಲಸಿಕೆ ತಪ್ಪುವುದು, ತೂಕ ನೋಡದೆ ತಿಂಗಳುಗಳು ಉರುಳುವುದು, ಬಾಣಂತಿಯ ಬಳಲಿಕೆಯನ್ನು ಯಾರೂ ಗಮನಿಸದಿರುವುದು ಬಹುಪಾಲು ಈ ಸಂದಿನಲ್ಲೇ. ಆದ್ದರಿಂದ ಮುಂಬಯಿಯಲ್ಲಿ ಕನ್ನಡ ಬಲ್ಲ ಆರೋಗ್ಯ ಸ್ವಯಂಸೇವಕಿಯ ಮೊದಲ ಕೆಲಸ ಬುದ್ಧಿ ಹೇಳುವುದಲ್ಲ. ಎರಡು ಊರುಗಳ ನಡುವೆ ಓಡಾಡುವ ಕೂಸು ಎರಡೂ ಕಡೆಯ ಲೆಕ್ಕದಿಂದ ಜಾರಿ ಹೋಗದಂತೆ ನೋಡಿಕೊಳ್ಳುವುದು. ಮುಂದಿನ ಮಾತುಗಳೆಲ್ಲ ಈ ಕೆಲಸವನ್ನು ಮಾಡುವ ಬಗೆಯನ್ನು ಕುರಿತವು.

ಕೆಲಸಕ್ಕೆ ಇಳಿಯುವ ಮುನ್ನ ನಿಮ್ಮ ಬಸ್ತಿಗೆ ಸಂಬಂಧಪಟ್ಟ ಹೆಲ್ತ್ ಪೋಸ್ಟ್ ಯಾವುದು, ಅಲ್ಲಿ ವಾರದ ಯಾವ ದಿನ ಲಸಿಕೆ ಹಾಕುತ್ತಾರೆ, ಎಎನ್‌ಎಂ (ಲಸಿಕೆ ಹಾಕುವ ಆರೋಗ್ಯ ಸಹಾಯಕಿ) ಯಾರು, ಹತ್ತಿರದ ಅಂಗನವಾಡಿ ಎಲ್ಲಿದೆ, ರಾತ್ರಿ ವೇಳೆ ಮಕ್ಕಳನ್ನು ನೋಡುವ ಪಾಲಿಕೆಯ ಆಸ್ಪತ್ರೆ ಯಾವುದು ಎಂಬುದನ್ನು ಸ್ವತಃ ಹೋಗಿ ತಿಳಿದುಕೊಂಡಿರಬೇಕು. ಮುಂಬಯಿ ಮಹಾನಗರ ಪಾಲಿಕೆಯ ಹೆಲ್ತ್ ಪೋಸ್ಟುಗಳಲ್ಲಿ ಸಾಮುದಾಯಿಕ ಆರೋಗ್ಯ ಸ್ವಯಂಸೇವಕಿಯರು ಬಹುಕಾಲದಿಂದ ಮನೆಮನೆಗೆ ಹೋಗಿ ಕೆಲಸ ಮಾಡುತ್ತಿದ್ದಾರೆ. ಅವರೊಂದಿಗೆ ಆಶಾ ಕಾರ್ಯಕರ್ತೆಯರೂ ಇದ್ದಾರೆ. ನೀವು ಯಾವುದಾದರೂ ಸಂಸ್ಥೆಯ ಮೂಲಕ ಅಥವಾ ಕನ್ನಡ ಸಂಘದ ಮೂಲಕ ಹೊಸದಾಗಿ ಬಂದವರಾದರೆ ಅವರನ್ನು ಮೊದಲು ಕಂಡು, ಅವರ ಲೆಕ್ಕದಲ್ಲಿ ಯಾವ ಮನೆಗಳಿವೆ ಎಂದು ಕೇಳಿಕೊಳ್ಳಿ. ಒಂದೇ ಮನೆಗೆ ಇಬ್ಬರು ಹೋಗಿ ಎರಡು ಬಗೆಯ ಮಾತು ಹೇಳಿದರೆ ಆ ಮನೆಯವರು ಇಬ್ಬರನ್ನೂ ನಂಬುವುದಿಲ್ಲ.

ಮೊದಲ ಭೇಟಿ

ಮೊದಲ ಭೇಟಿಯಲ್ಲಿ ಉಪದೇಶ ಕೂಡದು ಎಂಬುದು ನನ್ನ ಖಚಿತವಾದ ಅಭಿಪ್ರಾಯ. ಕೂಸಿಗೆ ಜ್ವರವಿದ್ದರೆ, ಉಸಿರಾಟ ಕಷ್ಟವಾಗಿದ್ದರೆ, ಅದು ಹಾಲು ಬಿಟ್ಟಿದ್ದರೆ ಮಾತು ಬೇರೆ. ಉಳಿದಂತೆ ಆ ದಿನ ಕೇಳಿಸಿಕೊಳ್ಳುವುದಷ್ಟೇ ಕೆಲಸ. ಹೋಗುವ ಹೊತ್ತನ್ನೂ ಆರಿಸಿಕೊಳ್ಳಬೇಕು. ನಳದಲ್ಲಿ ನೀರು ಬರುವ ಹೊತ್ತಿಗೆ ಯಾವ ಮನೆಯ ಹೆಂಗಸೂ ಕುಳಿತು ಮಾತಾಡಲಾರಳು; ಕೂಲಿ ಹುಡುಕಿ ನಿಲ್ಲುವ ನಾಕಾಕ್ಕೆ ಹೊರಡುವ ಬೆಳಗಿನ ಹೊತ್ತೂ ಆಗದು. ಮಧ್ಯಾಹ್ನ ಊಟವಾದ ಮೇಲೆ ಅಥವಾ ಸಂಜೆ ಅಡುಗೆ ಶುರುವಾಗುವ ಮುನ್ನ ಹೋಗುವುದು ಲೇಸು. ತಂದೆಯನ್ನು ಕಾಣಬೇಕಾದರೆ ಭಾನುವಾರ, ಇಲ್ಲವೇ ಅವನ ಕಾಮಗಾರಿಗೆ ರಜೆ ಇರುವ ದಿನ.

ಮನೆಯಲ್ಲಿ ಅತ್ತೆ ಇದ್ದರೆ ಮೊದಲು ಅವರನ್ನೇ ಮಾತಾಡಿಸಿ. ಕೂಸಿಗೆ ಏನು ತಿನ್ನಿಸಬೇಕು, ಯಾವಾಗ ದವಾಖಾನೆಗೆ ಒಯ್ಯಬೇಕು ಎಂಬ ತೀರ್ಮಾನ ಅನೇಕ ಮನೆಗಳಲ್ಲಿ ಅವರದೇ. ಸೊಸೆಯನ್ನು ಪಕ್ಕಕ್ಕೆ ಕರೆದು ಗುಟ್ಟಾಗಿ ಹೇಳಿದ ಮಾತು ಸಂಜೆಯೊಳಗೆ ಜಗಳಕ್ಕೆ ಕಾರಣವಾಗಬಹುದು. "ಅಮ್ಮಾ, ನೀವು ನಾಕು ಮಕ್ಕಳನ್ನ ಬೆಳೆಸಿದವರು, ಆವಾಗ ಕೂಸಿಗೆ ಏನೇನು ಮಾಡತಿದ್ರಿ?" ಎಂದು ಕೇಳಿದರೆ ಅವರು ಮನಬಿಚ್ಚಿ ಹೇಳುತ್ತಾರೆ, ಅವರು ಹೇಳುವುದರಲ್ಲಿ ಒಳ್ಳೆಯದೂ ಸಾಕಷ್ಟು ಇರುತ್ತದೆ. ಬಾಣಂತಿಗೆ ವಿಶ್ರಾಂತಿ ಕೊಡುವುದು, ಬಿಸಿ ಊಟ ಮಾಡಿಸುವುದು, ಕೂಸನ್ನು ಬೆಚ್ಚಗೆ ಸುತ್ತಿ ತಾಯಿಯ ಮಗ್ಗುಲಲ್ಲೇ ಇರಿಸುವುದು ಇವೆಲ್ಲ ಉಳಿಯಬೇಕಾದ ಪದ್ಧತಿಗಳು, ಮತ್ತು ಅವನ್ನು ನೀವು ಬಾಯಿಬಿಟ್ಟು ಹೊಗಳಬೇಕು. ಬಿಡಬೇಕಾದದ್ದು ಕೆಲವೇ ಕೆಲವು: ಹುಟ್ಟಿದೊಡನೆ ಜೇನುತುಪ್ಪ, ಸಕ್ಕರೆ ನೀರು ಅಥವಾ ಗುಟ್ಟಿ (ತೇಯ್ದ ಗಿಡಮೂಲಿಕೆ) ನೆಕ್ಕಿಸುವುದು, ಹೊಕ್ಕುಳಿಗೆ ಎಣ್ಣೆ, ಅರಿಶಿನ, ಬೂದಿ ಹಚ್ಚುವುದು, ಕಣ್ಣಿಗೆ ಕಾಡಿಗೆ ತೀಡುವುದು, ಗಾಳಿಯಾಡದ ಖೋಲಿಯಲ್ಲಿ ಕೆಂಡದ ಹೊಗೆ ಹಾಕುವುದು. ದೃಷ್ಟಿಬೊಟ್ಟು ಇಡಲೇಬೇಕೆಂದರೆ ಕಣ್ಣಿನಿಂದ ದೂರ, ಅಂಗಾಲಿಗೆ ಇಡಲು ಹೇಳಬಹುದು. ಅದರ ಮೇಲೆ ವಾದ ಮಾಡುತ್ತ ಕೂರುವುದು ಸಮಯದ ವ್ಯರ್ಥ.

ಮೊದಲ ಆರು ವಾರ

ಹುಟ್ಟಿದ ಮೊದಲ ತಿಂಗಳೇ ಕೂಸಿಗೆ ಅತ್ಯಂತ ಅಪಾಯದ ಕಾಲ. ಇದನ್ನು ಮನೆಯಲ್ಲೇ ಎದುರಿಸಬಹುದು ಎಂದು ತೋರಿಸಿಕೊಟ್ಟದ್ದು ನಮ್ಮ ಮಹಾರಾಷ್ಟ್ರದ್ದೇ ಆದ ಗಡಚಿರೋಲಿ. ಅಲ್ಲಿ ಡಾ. ಅಭಯ ಬಂಗ್ ಮತ್ತು ಡಾ. ರಾಣಿ ಬಂಗ್ ದಂಪತಿ ಹಳ್ಳಿಯ ಹೆಂಗಸರಿಗೆ ತರಬೇತಿ ಕೊಟ್ಟು ನವಜಾತ ಶಿಶುಗಳ ಆರೈಕೆಯನ್ನು ಅವರ ಕೈಗೆ ಒಪ್ಪಿಸಿದರು. ಶಿಶುಮರಣ ಗಣನೀಯವಾಗಿ ಇಳಿದದ್ದನ್ನು ಅವರು 1999ರಲ್ಲಿ ಪ್ರಕಟಿಸಿದರು. ದೇಶದ ಆಶಾ ಕಾರ್ಯಕರ್ತೆಯರು ಇಂದು ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು 3, 7, 14, 21, 28 ಮತ್ತು 42ನೇ ದಿನ ಮನೆಗೆ ಹೋಗಿ ನೋಡುವ ಕ್ರಮ ಆ ಅನುಭವದ ಮೇಲೆ ನಿಂತಿದೆ. ಮನೆಯಲ್ಲೇ ಹೆರಿಗೆಯಾದರೆ ಮೊದಲ ದಿನವೂ ಒಂದು ಭೇಟಿ ಸೇರುತ್ತದೆ.

ಮುಂಬಯಿಯಲ್ಲೇ ಹೆರಿಗೆಯಾದ ಮನೆಗೆ ಹೋದಾಗ ನೋಡಬೇಕಾದದ್ದು ಇಷ್ಟು. ಕೂಸು ಚೆನ್ನಾಗಿ ಚೀಪುತ್ತದೆಯೇ? ಅದರ ಹೊಟ್ಟೆ ಮತ್ತು ಅಂಗಾಲು ಮುಟ್ಟಿದರೆ ಎರಡೂ ಬೆಚ್ಚಗಿವೆಯೇ? ಹೊಕ್ಕುಳಿನ ಸುತ್ತ ಕೆಂಪಾಗಿದೆಯೇ, ಕೀವು ಇದೆಯೇ? ಅಂಗೈ ಅಂಗಾಲಿನವರೆಗೂ ಹಳದಿ ಇಳಿದಿದೆಯೇ? "ಕೂಸು ಹೆಂಗದ ಯವ್ವಾ, ಮಲಿ ಚಂದ ಹಿಡೀಲತ್ತದೇನು?" ಎಂದು ಕೇಳಿ, ನಿಮ್ಮ ಎದುರೇ ಒಮ್ಮೆ ಹಾಲು ಕುಡಿಸಲು ಹೇಳಿ. ಕೂಸಿನ ಬಾಯಿ ಅಗಲವಾಗಿ ತೆರೆದಿರಬೇಕು, ಗದ್ದ ಮೊಲೆಗೆ ತಾಗಿರಬೇಕು, ಕೆಳತುಟಿ ಹೊರಕ್ಕೆ ಮಡಿಚಿರಬೇಕು, ಮೊಲೆತೊಟ್ಟಿನ ಸುತ್ತಲಿನ ಕಪ್ಪು ಭಾಗ ಮೇಲುಗಡೆಗಿಂತ ಕೆಳಗಡೆ ಕಡಿಮೆ ಕಾಣಬೇಕು. ತೊಟ್ಟನ್ನಷ್ಟೇ ಕಚ್ಚಿದ್ದರೆ ತಾಯಿಗೆ ನೋವು, ಕೂಸಿಗೆ ಹಾಲು ಸಾಲದು. "ನನಗೆ ಹಾಲು ಬರಂಗಿಲ್ಲ" ಎಂಬ ದೂರಿನ ಹಿಂದೆ ಹೆಚ್ಚಿನ ವೇಳೆ ಇರುವುದು ಇದೇ. ಡಬ್ಬಿ ಹಾಲಿಗೆ ಹೋಗುವ ಮುನ್ನ ಹಿಡಿಯುವ ಬಗೆಯನ್ನು ಸರಿಪಡಿಸಿ, ಹಗಲು ರಾತ್ರಿ ಸೇರಿ ಎಂಟು ಸಲಕ್ಕಿಂತ ಹೆಚ್ಚು ಕುಡಿಸಲು ಹೇಳಿ, ಎರಡು ದಿನ ಬಿಟ್ಟು ಮತ್ತೆ ನೋಡಿ. ಕೂಸು ದಿನಕ್ಕೆ ಆರು ಸಲವಾದರೂ ಉಚ್ಚೆ ಹೊಯ್ಯುತ್ತಿದ್ದರೆ, ತೂಕ ಏರುತ್ತಿದ್ದರೆ, ಹಾಲು ಸಾಕಾಗುತ್ತಿದೆ ಎಂದು ಧೈರ್ಯವಾಗಿ ಹೇಳಬಹುದು.

2.5 ಕಿಲೋಗಿಂತ ಕಡಿಮೆ ತೂಕದ ಕೂಸನ್ನು ತಾಯಿಯ ಬರಿಯ ಎದೆಗೆ ಅಂಟಿಸಿ ಕಟ್ಟಿಕೊಳ್ಳುವ ಕಾಂಗರೂ ಆರೈಕೆಯನ್ನು ಮನೆಯವರಿಗೂ ಕಲಿಸಿ. ತಂದೆ ಕೂಡ ಹೀಗೆ ಎತ್ತಿಕೊಳ್ಳಬಹುದು. ದಿನ ತುಂಬದೆ ಹುಟ್ಟಿ ಸಾಯನ್‌ನ ಲೋಕಮಾನ್ಯ ಟಿಳಕ್ ಆಸ್ಪತ್ರೆಯಲ್ಲಿ ದಾಖಲಾಗಿರುವ ಕೂಸಿಗೆ ಬೇರೆ ತಾಯಂದಿರು ದಾನ ಮಾಡಿದ ಹಾಲು ಕೊಡುತ್ತಾರೆಂದು ಕೇಳಿ ಕೆಲವರು ಗಾಬರಿಯಾಗುತ್ತಾರೆ. ಅಲ್ಲಿನ ಹಾಲಿನ ಬ್ಯಾಂಕನ್ನು ಡಾ. ಅರ್ಮಿಡಾ ಫರ್ನಾಂಡಿಸ್ 1989ರಲ್ಲಿ ಆರಂಭಿಸಿದರು, ಅದು ಏಷ್ಯಾದಲ್ಲೇ ಮೊದಲನೆಯದು, ಹಾಲನ್ನು ಪರೀಕ್ಷಿಸಿ ಕಾಯಿಸಿಯೇ ಕೊಡುತ್ತಾರೆ ಎಂದು ತಿಳಿಸಿ ಹೇಳಿದರೆ ಸಮಾಧಾನವಾಗುತ್ತದೆ.

ಕೂಸು ಚೀಪುವುದನ್ನು ನಿಲ್ಲಿಸಿದರೆ, ಮೈ ತಣ್ಣಗಾದರೆ ಅಥವಾ ಸುಡುತ್ತಿದ್ದರೆ, ಎಬ್ಬಿಸಿದರೂ ಏಳದಿದ್ದರೆ, ಸೆಟೆದುಕೊಂಡರೆ ಮನೆಮದ್ದಿಗೆ ಒಂದು ಗಳಿಗೆಯನ್ನೂ ಕೊಡಬೇಡಿ. 108ಕ್ಕೆ ಕರೆ ಮಾಡಿ, ಆಂಬುಲೆನ್ಸ್ ಬಸ್ತಿಯ ಒಳಗೆ ಬರಲಾರದೆಂದು ಗೊತ್ತಿದ್ದರೆ ಅದು ನಿಲ್ಲಬೇಕಾದ ಜಾಗವನ್ನು ಮೊದಲೇ ಹೇಳಿ, ಕೂಸನ್ನು ಎದೆಗೆ ಒತ್ತಿ ಬೆಚ್ಚಗಿಟ್ಟುಕೊಂಡು ಹೊರಡಿ. ಒಂದು ವರ್ಷದೊಳಗಿನ ಕೂಸಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ, ಔಷಧ, ಸಾರಿಗೆ ಉಚಿತವಾಗಿ ಸಿಗಬೇಕೆಂಬುದು ಜನನಿ ಶಿಶು ಸುರಕ್ಷಾ ಕಾರ್ಯಕ್ರಮದ ನಿಯಮ. ಖರ್ಚಿನ ಭಯದಿಂದ ಹಿಂದೆಗೆಯುವ ತಂದೆಗೆ ಈ ಮಾತನ್ನು ಮೊದಲೇ ತಿಳಿಸಿರಬೇಕು. ರಾತ್ರಿ ಹನ್ನೆರಡಕ್ಕೆ ಅದನ್ನು ವಿವರಿಸಲು ವೇಳೆ ಇರುವುದಿಲ್ಲ.

ತಾಯಿ ಕಾರ್ಡು ಮತ್ತು ಲಸಿಕೆ

ಕರ್ನಾಟಕದಲ್ಲಿ ಹೆರಿಗೆಯಾಗಿ ಬಂದ ತಾಯಿಯ ಕೈಯಲ್ಲಿ ತಾಯಿ ಕಾರ್ಡು ಇರುತ್ತದೆ. ಅದು ಕನ್ನಡದಲ್ಲಿರುವುದರಿಂದ ಮುಂಬಯಿಯ ಎಎನ್‌ಎಂಗೆ ಓದಲು ಬಾರದೆ ಹೋಗಬಹುದು. ಇಲ್ಲಿ ನಿಮ್ಮ ಕನ್ನಡ ನಿಜವಾಗಿಯೂ ಕೆಲಸಕ್ಕೆ ಬರುತ್ತದೆ. ಕಾರ್ಡನ್ನು ತೆಗೆಸಿ, ಪ್ಲಾಸ್ಟಿಕ್ ಚೀಲದಿಂದ ಹೊರತೆಗೆದು, ಬೆಳಕಿಗೆ ಹಿಡಿದು, ಯಾವ ತಾರೀಖಿಗೆ ಯಾವ ಲಸಿಕೆ ಆಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಮರಾಠಿ ಅಥವಾ ಹಿಂದಿಯಲ್ಲಿ ಬರೆದುಕೊಡಿ. ಕಾರ್ಡಿನ ಮೇಲಿನ ಆರ್‌ಸಿಎಚ್ ಸಂಖ್ಯೆಯನ್ನು (ತಾಯಿ-ಮಗುವಿನ ಸರ್ಕಾರಿ ನೋಂದಣಿ ಸಂಖ್ಯೆ) ತಪ್ಪದೆ ಬರೆಯಿರಿ. ಬಳಿಕ ಕಾರ್ಡಿನ ಎಲ್ಲ ಪುಟಗಳ ಫೋಟೋ ತೆಗೆದು ತಂದೆಯ ಫೋನಿಗೂ ತಾಯಿಯ ಫೋನಿಗೂ ಕಳಿಸಿ. ಮಳೆಗಾಲದಲ್ಲಿ ಖೋಲಿಗೆ ನೀರು ನುಗ್ಗಿದರೆ ಮೊದಲು ಹಾಳಾಗುವುದು ಟ್ರಂಕಿನ ತಳದಲ್ಲಿಟ್ಟ ಕಾಗದಗಳೇ.

ಕಾರ್ಡು ಕಳೆದಿದ್ದರೆ ಕೂಸಿನ ಎಡ ತೋಳಿನ ಮೇಲ್ಭಾಗದಲ್ಲಿ ಬಿಸಿಜಿ (ಕ್ಷಯದ ಲಸಿಕೆ) ಕಲೆ ಇದೆಯೇ ನೋಡಿ, ಊರಿನ ಆಶಾ ಕಾರ್ಯಕರ್ತೆಗೆ ಅಲ್ಲಿಯೇ ಕುಳಿತು ಫೋನು ಹಚ್ಚಿಸಿ, ರಿಜಿಸ್ಟರಿನ ಪುಟದ ಫೋಟೋ ತರಿಸಿಕೊಳ್ಳಿ. ಯಾವ ದಾಖಲೆಯೂ ಸಿಗದಿದ್ದರೆ ಮುಂದಿನ ತೀರ್ಮಾನ ಎಎನ್‌ಎಂ ಅಥವಾ ವೈದ್ಯರದು. ಈಗ ಲಸಿಕೆಗಳನ್ನು ಯು-ವಿನ್ ಎಂಬ ರಾಷ್ಟ್ರೀಯ ವ್ಯವಸ್ಥೆಯಲ್ಲಿ ಮೊಬೈಲ್ ಸಂಖ್ಯೆಯ ಆಧಾರದಲ್ಲಿ ದಾಖಲಿಸುತ್ತಾರೆ, ಆದ್ದರಿಂದ ಊರಿನಲ್ಲಿ ಕೊಟ್ಟ ಸಂಖ್ಯೆ ಯಾವುದೆಂದು ಕೇಳಿ. ಸಿಮ್ ಬದಲಾಯಿಸುವ ಕುಟುಂಬಗಳಲ್ಲಿ ದಾಖಲೆ ಸಿಗದಿರುವುದಕ್ಕೆ ಇದೇ ಕಾರಣವಾಗಿರಬಹುದು.

ಲಸಿಕೆಯ ವೇಳಾಪಟ್ಟಿ ನಿಮ್ಮ ನಾಲಿಗೆಯ ತುದಿಯಲ್ಲಿರಬೇಕು. ಹುಟ್ಟಿದಾಗ ಬಿಸಿಜಿ, ಪೋಲಿಯೊ ಹನಿ, 24 ಗಂಟೆಯೊಳಗೆ ಹೆಪಟೈಟಿಸ್ ಬಿ. 6, 10, 14 ವಾರಕ್ಕೆ ಐದು ರೋಗಗಳನ್ನು ತಡೆಯುವ ಪೆಂಟಾವೇಲೆಂಟ್, ಪೋಲಿಯೊ ಹನಿ ಮತ್ತು ರೋಟಾವೈರಸ್ ಹನಿ. ಇವುಗಳೊಡನೆ 6 ಮತ್ತು 14 ವಾರಕ್ಕೆ ಪೋಲಿಯೊ ಚುಚ್ಚುಮದ್ದು ಹಾಗೂ ನ್ಯುಮೋನಿಯ ತಡೆಯುವ ಪಿಸಿವಿ. 9 ತಿಂಗಳು ತುಂಬಿದ ಮೇಲೆ ದಡಾರ-ರುಬೆಲ್ಲಾ, ಪಿಸಿವಿಯ ಬೂಸ್ಟರ್, ಪೋಲಿಯೊ ಚುಚ್ಚುಮದ್ದಿನ ಮೂರನೆಯ ಡೋಸ್, ವಿಟಮಿನ್ ಎ. 16ರಿಂದ 24 ತಿಂಗಳೊಳಗೆ ದಡಾರ-ರುಬೆಲ್ಲಾದ ಎರಡನೆಯ ಡೋಸ್, ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಮತ್ತು ಪೋಲಿಯೊ ಬೂಸ್ಟರ್. ವಿಟಮಿನ್ ಎ ಆರು ತಿಂಗಳಿಗೊಮ್ಮೆ ಐದು ವರ್ಷದವರೆಗೆ, ಒಟ್ಟು 9 ಸಲ. 5ರಿಂದ 6 ವರ್ಷಕ್ಕೆ ಮತ್ತೊಂದು ಡಿಪಿಟಿ.

"ತಡವಾಯಿತು, ಇನ್ನು ಹಾಕಿಸಿ ಏನು ಪ್ರಯೋಜನ" ಎಂಬ ಮಾತು ಬಸ್ತಿಗಳಲ್ಲಿ ಸಾಮಾನ್ಯ. ತಡವಾದರೆ ಮೊದಲಿನಿಂದ ಶುರುಮಾಡಬೇಕಾಗಿಲ್ಲ, ನಿಂತಲ್ಲಿಂದ ಮುಂದುವರಿಸಿದರೆ ಸಾಕು. ದಡಾರ-ರುಬೆಲ್ಲಾ ಲಸಿಕೆಯನ್ನು ಐದು ವರ್ಷ ತುಂಬುವವರೆಗೂ ಕೊಡಬಹುದು. ನೆಗಡಿ, ಸಣ್ಣ ಕೆಮ್ಮು, ಲಘುವಾದ ಜ್ವರ ಲಸಿಕೆಗೆ ಅಡ್ಡಿಯಲ್ಲ. ಪೆಂಟಾವೇಲೆಂಟ್ ಆದ ರಾತ್ರಿ ಜ್ವರ ಬರಬಹುದು, ತೊಡೆ ಗಡುಸಾಗಬಹುದು, ಅದು ಒಂದೆರಡು ದಿನಗಳಲ್ಲಿ ಇಳಿಯುತ್ತದೆ ಎಂಬುದನ್ನು ಲಸಿಕೆಗೆ ಮೊದಲೇ ಹೇಳಿರಬೇಕು. ಹೇಳದೆ ಬಿಟ್ಟರೆ ಮುಂದಿನ ಸಲ ಆ ತಾಯಿ ಬರುವುದಿಲ್ಲ, ಅವಳಿಂದ ಜ್ವರದ ಕಥೆ ಕೇಳಿದ ನೆರೆಮನೆಯವಳೂ ಬರುವುದಿಲ್ಲ. ಕೇಂದ್ರದಿಂದ ಹೊರಡುವ ಮುನ್ನ ಅರ್ಧ ಗಂಟೆ ಕೂರಿಸಿ. ಯಾವ ಲಸಿಕೆ ಆಯಿತು, ಮುಂದಿನದು ಯಾವಾಗ, ಏನಾಗಬಹುದು, ಕಾರ್ಡನ್ನು ಎಲ್ಲಿಡಬೇಕು ಎಂಬ ನಾಲ್ಕು ಮಾತನ್ನು ಕನ್ನಡದಲ್ಲಿ ಹೇಳಿ, ಅವಳ ಬಾಯಿಂದ ತಿರುಗಿ ಹೇಳಿಸಿ.

ದಡಾರದ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. 2022ರ ಕೊನೆಯ ತಿಂಗಳುಗಳಲ್ಲಿ ಗೋವಂಡಿ ಸೇರಿದಂತೆ ಮುಂಬಯಿಯ ಹಲವು ಬಸ್ತಿಗಳಲ್ಲಿ ದಡಾರ ಹಬ್ಬಿ ಎಳೆಯ ಮಕ್ಕಳು ತೀರಿಕೊಂಡರು. ಆಗ ಪಾಲಿಕೆ ಮಕ್ಕಳಿಗೆ ಹೆಚ್ಚುವರಿ ಡೋಸ್ ಹಾಕಿಸಿತು, ಕೆಲವು ಕಡೆ 9 ತಿಂಗಳು ತುಂಬದವರಿಗೂ ಕೊಟ್ಟಿತು. ಅಂಥ ಹೆಚ್ಚುವರಿ ಡೋಸ್ ಲೆಕ್ಕಕ್ಕೆ ಬರುವುದಿಲ್ಲ, ವೇಳಾಪಟ್ಟಿಯ ಎರಡು ಡೋಸ್ ಪ್ರತ್ಯೇಕವಾಗಿ ಆಗಲೇಬೇಕು ಎಂಬುದನ್ನು ಪಾಲಕರಿಗೆ ಬಿಡಿಸಿ ಹೇಳಬೇಕಾಗುತ್ತದೆ. ಮೈಮೇಲೆ ಗುಳ್ಳೆ ಎದ್ದರೆ "ಅಮ್ಮ ಬಂದಾಳ" ಎಂದು ಕೂಸನ್ನು ಒಳಗೇ ಇರಿಸಿ ಬೇವಿನೆಲೆ ಕಟ್ಟುವ ಮನೆಗಳಿವೆ. ಆ ಭಕ್ತಿಯನ್ನು ಅಣಕಿಸಬೇಡಿ. ಬೇವು ಬಾಗಿಲಲ್ಲಿರಲಿ, ಕೂಸು ದವಾಖಾನೆಗೆ ಬರಲಿ ಎಂದು ಕೇಳಿಕೊಳ್ಳಿ. ದಡಾರವಾದ ಕೂಸಿಗೆ ವೈದ್ಯರು ಕೊಡುವ ವಿಟಮಿನ್ ಎ ಕಣ್ಣನ್ನೂ ಪ್ರಾಣವನ್ನೂ ಉಳಿಸಬಲ್ಲದು.

ಊಟ ಮತ್ತು ತೋಳಿನ ಪಟ್ಟಿ

ಆರು ತಿಂಗಳು ತುಂಬುವವರೆಗೆ ಎದೆಹಾಲು ಮಾತ್ರ, ನೀರೂ ಬೇಡ. ಮುಂಬಯಿಯ ಮೇ ತಿಂಗಳ ಸೆಕೆಯಲ್ಲೂ ಬೇಡ, ಹಾಲಿನಲ್ಲೇ ಬೇಕಾದಷ್ಟು ನೀರಿದೆ. ಆರು ತಿಂಗಳಾದ ಮೇಲೆ ಎದೆಹಾಲಿನೊಡನೆ ಮೇಲಿನ ಊಟ ಶುರುವಾಗಬೇಕು, ಮತ್ತು ಬಹುಪಾಲು ಕೂಸುಗಳು ಸೊರಗತೊಡಗುವುದು ಇಲ್ಲಿಂದಲೇ. ತಾಯಿ ಕೆಲಸಕ್ಕೆ ಮರಳುತ್ತಾಳೆ, ಕೂಸು ಏಳೆಂಟು ವರ್ಷದ ಅಕ್ಕನ ಸೊಂಟದ ಮೇಲೆ ಬೆಳೆಯುತ್ತದೆ, ಅಳು ನಿಲ್ಲಿಸಲು ಐದು ರೂಪಾಯಿಯ ಪಾಕೀಟು ಅಥವಾ ಚಹದಲ್ಲಿ ಅದ್ದಿದ ಬಿಸ್ಕೀಟು ಕೈಗೆ ಬರುತ್ತದೆ. ಹೊಟ್ಟೆ ತುಂಬಿದಂತೆ ಕಾಣುತ್ತದೆ, ಮೈಗೆ ಏನೂ ಸೇರಿರುವುದಿಲ್ಲ.

ಇದಕ್ಕೆ ಪರಿಹಾರ ಮನೆಯ ಪಾತ್ರೆಯಲ್ಲೇ ಇದೆ. ನಮ್ಮವರು ತೊಗರಿ ಬೆಳೆಯುವ ನಾಡಿನವರು. ರೊಟ್ಟಿ, ಬೇಳೆ ಇಲ್ಲದ ಅಡುಗೆ ಅಪರೂಪ. ಖಾರ ಹಾಕುವ ಮುನ್ನ ಬೇಳೆಯನ್ನು ಒಂದು ಬಟ್ಟಲಿಗೆ ಬೇರೆ ತೆಗೆದಿಟ್ಟು, ಬಿಸಿ ಜೋಳದ ರೊಟ್ಟಿಯ ಮೆತ್ತನೆಯ ಭಾಗವನ್ನು ಅದರಲ್ಲಿ ನೆನೆಸಿ ಕಿವುಚಿ, ಒಂದು ಚಮಚ ಎಣ್ಣೆ ಅಥವಾ ತುಪ್ಪ ಬೆರೆಸಿದರೆ ಕೂಸಿನ ಊಟ ಸಿದ್ಧ. ಬೇಳೆಯ ಮೇಲಿನ ತಿಳಿಯನ್ನಷ್ಟೇ ಕೊಡುವ ರೂಢಿಯನ್ನು ಬಿಡಿಸಿ, ತಿಳಿಯಲ್ಲಿ ಬಲವಿಲ್ಲ. ಚಮಚವನ್ನು ಓರೆ ಮಾಡಿದರೆ ಊಟ ಸುಲಭವಾಗಿ ಕೆಳಗೆ ಹರಿಯಬಾರದು, ಅಷ್ಟು ಗಟ್ಟಿಯಿರಬೇಕು. ಬೇಯಿಸಿದ ತತ್ತಿ, ಮೆಂತ್ಯ ಅಥವಾ ರಾಜಗಿರಿ ಸೊಪ್ಪು, ಹುರಿದು ನುಣ್ಣಗೆ ಪುಡಿಮಾಡಿ ಬೇಳೆಯಲ್ಲಿ ಕದಡಿದ ಶೇಂಗಾ, ಕಿವುಚಿದ ಬಾಳೆಹಣ್ಣು ಒಂದೊಂದಾಗಿ ಸೇರಲಿ. ಎರಡು ಮೂರು ಚಮಚದಿಂದ ಶುರುಮಾಡಿ, 6ರಿಂದ 8 ತಿಂಗಳಿಗೆ ದಿನಕ್ಕೆ ಎರಡು ಮೂರು ಸಲ, 9 ತಿಂಗಳ ನಂತರ ಮೂರು ನಾಲ್ಕು ಸಲ, ನಡುವೆ ಏನಾದರೂ ತಿಂಡಿ. ಕೂಸಿಗೆ ಅದರದೇ ಬಟ್ಟಲಿರಲಿ. ದೊಡ್ಡವರ ತಾಟಿನಲ್ಲಿ ಉಂಡರೆ ಎಷ್ಟು ಹೊಟ್ಟೆಗೆ ಹೋಯಿತೆಂದು ತಿಳಿಯುವುದಿಲ್ಲ. ಎಎನ್‌ಎಂ ಕೊಡುವ ಕಬ್ಬಿಣಾಂಶದ ಸಿರಪ್ಪನ್ನು ವಾರಕ್ಕೆರಡು ಸಲ 1 ಮಿಲಿಲೀಟರ್ ಹಾಕಬೇಕು. ಮಲ ಕಪ್ಪಾದರೆ ಹೆದರಬೇಕಾಗಿಲ್ಲ.

ತೋಳಿನ ಸುತ್ತಳತೆ ನೋಡುವ ಪಟ್ಟಿ ನಿಮ್ಮ ಚೀಲದಲ್ಲಿ ಸದಾ ಇರಲಿ. 6 ತಿಂಗಳಿಂದ 5 ವರ್ಷದ ಮಕ್ಕಳಿಗೆ ಎಡ ತೋಳಿನ ಅಂಗಿ ಸರಿಸಿ, ಭುಜದ ತುದಿ ಮತ್ತು ಮೊಣಕೈ ನಡುವಿನ ಮಧ್ಯವನ್ನು ಗುರುತಿಸಿ, ತೋಳನ್ನು ಸಡಿಲವಾಗಿ ಇಳಿಬಿಟ್ಟು, ಚರ್ಮ ಒತ್ತದಂತೆಯೂ ಸಂದು ಬಿಡದಂತೆಯೂ ಪಟ್ಟಿಯನ್ನು ಸುತ್ತಿ ಅಳೆಯಬೇಕು. 12.5 ಸೆಂಟಿಮೀಟರಿಗಿಂತ ಕಡಿಮೆಯಾದರೆ ಅಪೌಷ್ಟಿಕತೆ, 11.5ಕ್ಕಿಂತ ಕಡಿಮೆಯಾದರೆ (ಪಟ್ಟಿಯ ಕೆಂಪು ಭಾಗ) ತೀವ್ರ ಅಪೌಷ್ಟಿಕತೆ. ಎರಡೂ ಪಾದಗಳನ್ನು ಹೆಬ್ಬೆರಳಿನಿಂದ ಒತ್ತಿದಾಗ ಗುಳಿ ಬಿದ್ದು ಹಾಗೇ ಉಳಿದರೆ ಅಳತೆ ಎಷ್ಟೇ ಇರಲಿ, ಕೂಡಲೇ ವೈದ್ಯರಿಗೆ ತೋರಿಸಬೇಕು. ಧಾರಾವಿಯಲ್ಲಿ ಸಾಯನ್ ಆಸ್ಪತ್ರೆಗೆ ಸೇರಿದ, ಜನ ಛೋಟಾ ಸಾಯನ್ ಎಂದು ಕರೆಯುವ ಕೇಂದ್ರದಲ್ಲಿ ಇಂಥ ಮಕ್ಕಳ ಪೌಷ್ಟಿಕ ಪುನಶ್ಚೇತನ ವಿಭಾಗವಿದೆ. ಅಳತೆ ಕೆಂಪು ಬಂದಾಗ ಅಕ್ಕಪಕ್ಕದವರ ಮುಂದೆ ಅದನ್ನು ಕೂಗಿ ಹೇಳಬೇಡಿ, ಕೂಸಿನ ಫೋಟೋವನ್ನು ಯಾವ ವಾಟ್ಸಾಪ್ ಗುಂಪಿಗೂ ಹಾಕಬೇಡಿ. ತಾಯಿಯನ್ನು ಕೂರಿಸಿಕೊಂಡು ಮೆಲ್ಲಗೆ ಹೇಳಿ, ಹೋಗುವ ದಿನ ಗೊತ್ತುಮಾಡಿ, ಸಾಧ್ಯವಾದರೆ ಜೊತೆಗೇ ಹೋಗಿ. ನಾಲ್ಕು ಮಾತು ಮರಾಠಿಯಲ್ಲಿ ಆಡಬಲ್ಲವರು ಪಕ್ಕದಲ್ಲಿದ್ದರೆ ಕೇಸ್ ಪೇಪರಿನ (ಆಸ್ಪತ್ರೆಯ ನೋಂದಣಿ ಚೀಟಿಯ) ಸಾಲಿನಲ್ಲಿ ನಿಲ್ಲುವ ಧೈರ್ಯ ಅವಳಿಗೆ ಬರುತ್ತದೆ.

ಕೆಮ್ಮು ಮತ್ತು ಭೇದಿ

ಕೆಮ್ಮುವ ಕೂಸಿನ ಉಸಿರನ್ನು ಎಣಿಸಲು ಕಲಿಯಿರಿ. ಕೂಸು ಅಳದೆ ತಾಯಿಯ ತೊಡೆಯ ಮೇಲೆ ಮಲಗಿರುವಾಗ ಅಂಗಿಯನ್ನು ಮೇಲೆತ್ತಿ, ಹೊಟ್ಟೆ ಏರಿಳಿಯುವುದನ್ನು ನೋಡುತ್ತ ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಬೇಕು. ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದರೆ ಲೆಕ್ಕ ತಪ್ಪುತ್ತದೆ. ಎರಡು ತಿಂಗಳೊಳಗಿನ ಕೂಸಿಗೆ 60, ಎರಡರಿಂದ ಹನ್ನೆರಡು ತಿಂಗಳವರೆಗೆ 50, ಒಂದರಿಂದ ಐದು ವರ್ಷದವರೆಗೆ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದೇ ದಿನ ವೈದ್ಯರಿಗೆ ತೋರಿಸಬೇಕು. ಉಸಿರೆಳೆದಾಗ ಪಕ್ಕೆಲುಬಿನ ಕೆಳಭಾಗ ಒಳಕ್ಕೆ ಸೆಳೆದುಕೊಳ್ಳುತ್ತಿದ್ದರೆ ಎಣಿಸುತ್ತ ಕೂರದೆ ಆಸ್ಪತ್ರೆಗೆ ಒಯ್ಯಿರಿ.

ಭೇದಿಗೆ ಒಆರ್‌ಎಸ್ ಮತ್ತು ಜಿಂಕ್ ಎರಡೂ ಬೇಕು. ಪೂರ್ತಿ ಪಾಕೀಟನ್ನು ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಬೇಕು. ಸ್ವಲ್ಪ ಸ್ವಲ್ಪವೇ ಲೋಟದಲ್ಲಿ ಕದಡಿದರೆ ಉಪ್ಪಿನ ಪ್ರಮಾಣ ಕೆಟ್ಟು ತೊಂದರೆಯಾಗುತ್ತದೆ. ಪ್ರತಿ ಭೇದಿಯ ನಂತರ ಎರಡು ವರ್ಷದೊಳಗಿನವರಿಗೆ 50ರಿಂದ 100 ಮಿಲಿಲೀಟರ್ ಚಮಚದಲ್ಲಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಕೊಡಿ. 24 ಗಂಟೆಯ ಮೇಲೆ ಉಳಿದದ್ದನ್ನು ಚೆಲ್ಲಬೇಕು. ಜಿಂಕ್ ಮಾತ್ರೆ ಎರಡರಿಂದ ಆರು ತಿಂಗಳವರಿಗೆ ದಿನಕ್ಕೆ 10 ಮಿಲಿಗ್ರಾಂ, ಮೇಲ್ಪಟ್ಟವರಿಗೆ 20 ಮಿಲಿಗ್ರಾಂ, ಭೇದಿ ನಿಂತರೂ 14 ದಿನ. ಇದನ್ನು ಐದನೆಯ ದಿನಕ್ಕೇ ನಿಲ್ಲಿಸುವವರು ಬಹಳ, ಹಾಗಾಗಿ ಮಧ್ಯೆ ಒಮ್ಮೆ ಹೋಗಿ ಮಾತ್ರೆಯ ಪಟ್ಟಿಯಲ್ಲಿ ಎಷ್ಟು ಉಳಿದಿವೆ ನೋಡಿ. ಕಣ್ಣು ಗುಳಿ ಬಿದ್ದರೆ, ಹೊಟ್ಟೆಯ ಚರ್ಮವನ್ನು ಚಿವುಟಿ ಬಿಟ್ಟಾಗ ಮೆಲ್ಲಗೆ ಇಳಿದರೆ, ಮಲದಲ್ಲಿ ರಕ್ತ ಕಂಡರೆ, ಕೂಸು ಮಂಕಾದರೆ ತಡಮಾಡುವಂತಿಲ್ಲ. ಭೇದಿಯಲ್ಲಿ ಎದೆಹಾಲನ್ನೂ ಊಟವನ್ನೂ ನಿಲ್ಲಿಸಬಾರದು. ಡ್ರಮ್ಮಿನ ನೀರನ್ನು ಮುಚ್ಚಿಡುವುದು, ಉದ್ದ ಹಿಡಿಯ ಸೌಟಿನಿಂದ ತೆಗೆಯುವುದು, ಕೂಸಿನ ಮಲ ಬಳಿದ ಮೇಲೆ ಸಾಬೂನಿನಿಂದ ಕೈತೊಳೆಯುವುದು ಎಲ್ಲರಿಗೂ ಗೊತ್ತು. ಸಾಬೂನು ನೀರಿನ ಪಕ್ಕದಲ್ಲೇ ಇದೆಯೇ ಎಂಬುದನ್ನಷ್ಟೇ ನೀವು ನೋಡಬೇಕು.

ತಾಯಿಯ ಮನಸ್ಸು, ಕೂಸಿನ ಮಾತು

ಊರಿನಲ್ಲಿ ಅವ್ವ, ಅಕ್ಕತಂಗಿಯರ ನಡುವೆ ಬಾಣಂತನ ಮಾಡಿಸಿಕೊಂಡವಳು ಒಂಟಿ ಖೋಲಿಗೆ ಮರಳಿದಾಗ ಕುಗ್ಗಿ ಹೋಗುವುದುಂಟು. ಕಳೆದ ಎರಡು ವಾರಗಳಲ್ಲಿ ಮನಸ್ಸು ಭಾರವಾಗಿದೆಯೇ, ಯಾವುದರಲ್ಲೂ ಆಸೆ ಉಳಿದಿಲ್ಲವೇ ಎಂದು ಅವಳು ಒಬ್ಬಳೇ ಇರುವಾಗ ಕೇಳಿ. ಹೌದೆಂದರೆ ಎಎನ್‌ಎಂ ಅಥವಾ ವೈದ್ಯರ ಬಳಿ ಕರೆದೊಯ್ಯಿರಿ. ಟೆಲಿ ಮಾನಸ್ ಸಹಾಯವಾಣಿ 14416ರಲ್ಲಿ ಕನ್ನಡದಲ್ಲೂ ಮಾತಾಡಬಹುದು. ಸಾಯುವ ಅಥವಾ ಕೂಸಿಗೆ ಏನಾದರೂ ಮಾಡುವ ಮಾತು ಬಂದರೆ ಅವಳನ್ನು ಒಂಟಿಯಾಗಿ ಬಿಡಬೇಡಿ. ಗಂಡನ ಹೊಡೆತದ ವಿಷಯ ತಿಳಿದರೆ ಅವನನ್ನು ನೀವೇ ಪ್ರಶ್ನಿಸಲು ಹೋಗಬೇಡಿ, ಅದು ಅವಳ ಮೇಲೆಯೇ ತಿರುಗುತ್ತದೆ. ಮಹಿಳಾ ಸಹಾಯವಾಣಿ 181 ಅನ್ನು ಅವಳಿಗೆ ಬಾಯಿಪಾಠ ಮಾಡಿಸಿ, ಕಾಗದದಲ್ಲಿ ಬರೆದುಕೊಡಬೇಡಿ.

ಅಂಗನವಾಡಿಯಲ್ಲಿ ಮರಾಠಿ ಅಥವಾ ಹಿಂದಿ ನಡೆಯುತ್ತದೆಂದು ಕೆಲವರು ಮನೆಯಲ್ಲೂ ಕೂಸಿನೊಡನೆ ಹರಕು ಹಿಂದಿಯಲ್ಲಿ ಮಾತಾಡತೊಡಗುತ್ತಾರೆ. ತಾಯಿಗೆ ಯಾವ ಮಾತಿನಲ್ಲಿ ಜೋಗುಳ ಹಾಡಲು, ಬಯ್ಯಲು, ಕಥೆ ಹೇಳಲು ಬರುತ್ತದೋ ಆ ಮಾತಿನಲ್ಲೇ ಆಡಲಿ; ಎರಡು ಮೂರು ಭಾಷೆ ಕೇಳಿ ಬೆಳೆದರೆ ಕೂಸಿನ ಮಾತು ಕೆಡುವುದಿಲ್ಲ. ಬಟ್ಟಲು, ಚಮಚ, ಮುಚ್ಚಳ, ಬಟ್ಟೆಯ ಗೊಂಬೆ ಆಟಕ್ಕೆ ಸಾಕು. ಎರಡು ವರ್ಷದೊಳಗಿನ ಕೂಸಿಗೆ ಮೊಬೈಲ್ ತೋರಿಸಿ ಊಟ ಮಾಡಿಸುವುದನ್ನು ಬಿಡಿಸುವುದು ಕಷ್ಟ, ಆದರೂ ಒಂದು ಹೊತ್ತಿನ ಊಟದಿಂದಾದರೂ ಶುರುಮಾಡಿಸಿ. ನಾಲ್ಕು ತಿಂಗಳಿಗೆ ಕತ್ತು ನಿಲ್ಲದಿದ್ದರೆ, ಒಂಬತ್ತು ತಿಂಗಳಿಗೆ ಕೂರದಿದ್ದರೆ, ಒಂದೂವರೆ ವರ್ಷಕ್ಕೆ ನಡೆಯದಿದ್ದರೆ, ಕರೆದರೆ ತಿರುಗದಿದ್ದರೆ "ಅವರಪ್ಪನೂ ತಡ ಮಾಡಿದ್ದ" ಎಂಬ ಮಾತಿಗೆ ನಿಲ್ಲದೆ ವೈದ್ಯರಿಗೆ ತೋರಿಸಿ.

ತಂದೆಯೊಡನೆ ಮಾತಾಡಬೇಕಾದದ್ದು

ಒಂದು ದಿನ ಆಸ್ಪತ್ರೆಗೆ ಹೋದರೆ ಒಂದು ದಿನದ ಹಾಜರಿ ಹೋಗುತ್ತದೆ. ತಂದೆಯ ಹಿಂಜರಿಕೆಗೆ ಇದೇ ಮುಖ್ಯ ಕಾರಣ, ಅಸಡ್ಡೆಯಲ್ಲ. ಹಾಗಾಗಿ ಅವನಿಗೆ ಹಕ್ಕುಗಳ ಮಾತನ್ನು ಸ್ಪಷ್ಟವಾಗಿ ಹೇಳಿ. ಕರ್ನಾಟಕದ ರೇಷನ್ ಕಾರ್ಡಿನ ಮೇಲೆ ಮುಂಬಯಿಯಲ್ಲೂ ಧಾನ್ಯ ಪಡೆಯಬಹುದು. ಹಿಂದಿನ ವರ್ಷ 90 ದಿನ ಕಟ್ಟಡ ಕೆಲಸ ಮಾಡಿದ್ದರೆ ಕಟ್ಟಡ ಕಾರ್ಮಿಕರ ಕಲ್ಯಾಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬಹುದು. ಮಾತೃವಂದನಾ ಯೋಜನೆಯಲ್ಲಿ ಅರ್ಹ ತಾಯಂದಿರಿಗೆ ಮೊದಲ ಕೂಸಿಗೆ 5,000 ರೂಪಾಯಿ, ಎರಡನೆಯದು ಹೆಣ್ಣಾದರೆ 6,000 ರೂಪಾಯಿ ಸಿಗುತ್ತದೆ. 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವ ಕಾಮಗಾರಿಯಲ್ಲಿ ಆರು ವರ್ಷದೊಳಗಿನ ಮಕ್ಕಳಿಗೆ ಕೂಸಿನ ಮನೆ ಇರಲೇಬೇಕೆಂದು 1996ರ ಕಟ್ಟಡ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು; 2025ರಲ್ಲಿ ಅದರ ಜಾಗಕ್ಕೆ ಹೊಸ ಕಾರ್ಮಿಕ ಸಂಹಿತೆ ಬಂದಿದೆ. ಇಷ್ಟನ್ನು ಠೇಕೇದಾರನ ಮುಂದೆ ಒಬ್ಬ ಕೂಲಿಯವನು ಹೇಳಲಾರ, ನಾಲ್ಕು ಕುಟುಂಬ ಸೇರಿ ಹೇಳಬಹುದು. ಮುಂಬಯಿ ಮೊಬೈಲ್ ಕ್ರೆಶಸ್‌ನಂಥ ಸಂಸ್ಥೆಗಳು ಕಾಮಗಾರಿಯ ಜಾಗದಲ್ಲೇ ಇಂಥ ಕೇಂದ್ರಗಳನ್ನು ನಡೆಸುತ್ತವೆ.

ಕುಟುಂಬ ಹೊರಟಾಗ

ಒಂದು ಕಟ್ಟಡ ಮುಗಿದರೆ ಕುಟುಂಬ ಭಾಂಡುಪಿನಿಂದ ಪನವೇಲಿಗೆ ಹೋಗುತ್ತದೆ, ಬಿತ್ತನೆ ಅಥವಾ ಜಾತ್ರೆ ಬಂದರೆ ಊರಿಗೆ ಹೋಗುತ್ತದೆ. ಹೊರಡುವ ಸುದ್ದಿ ನಿಮಗೆ ತಿಳಿಯುವಂತಿರಬೇಕು, ಅದಕ್ಕೆ ಬಸ್ತಿಯ ಅಂಗಡಿಯವಳೊಡನೆ ಅಥವಾ ಮೇಸ್ತ್ರಿಯ ಹೆಂಡತಿಯೊಡನೆ ಸ್ನೇಹವಿರಲಿ. ಹೊರಡುವ ಮುನ್ನ ಕಾರ್ಡಿನಲ್ಲಿ ಮುಂದಿನ ಲಸಿಕೆಯ ತಾರೀಖು ದೊಡ್ಡದಾಗಿ ಬರೆಯಿಸಿ, ಬಾಕಿ ಇರುವ ಲಸಿಕೆಯನ್ನು ಎರಡು ದಿನ ಮೊದಲೇ ಹಾಕಿಸಬಹುದೇ ಎಂದು ಎಎನ್‌ಎಂಗೆ ಕೇಳಿ. ಅಂಗನವಾಡಿ ಸೇವಿಕೆಗೆ ಹೇಳಿ ಪೋಷಣ್ ಟ್ರ್ಯಾಕರಿನಲ್ಲಿ (ಅಂಗನವಾಡಿಯ ಮೊಬೈಲ್ ಲೆಕ್ಕದಲ್ಲಿ) ಕೂಸಿನ ಹೆಸರನ್ನು ಹೊಸ ಜಾಗದ ಅಂಗನವಾಡಿಗೆ ವರ್ಗ ಮಾಡಿಸಿ. ಹಾಗೆ ಮಾಡದಿದ್ದರೆ ಇಲ್ಲಿನ ಪಟ್ಟಿಯಲ್ಲಿ ಹೆಸರು ಉಳಿದು ಅಲ್ಲಿ ಆಹಾರ ಸಿಗದೆ ಹೋಗಬಹುದು. ಅಪೌಷ್ಟಿಕ ಮಗುವಾದರೆ ಕೊನೆಯ ತೋಳಳತೆ, ತೂಕ, ನಡೆಯುತ್ತಿರುವ ಔಷಧಗಳನ್ನು ಒಂದು ಚೀಟಿಯಲ್ಲಿ ಕನ್ನಡದಲ್ಲೂ ಹಿಂದಿಯಲ್ಲೂ ಬರೆದು ಕಾರ್ಡಿಗೆ ಪಿನ್ ಮಾಡಿ, ಊರಿನ ಆಶಾ ಕಾರ್ಯಕರ್ತೆಗೆ ನೀವೇ ಒಂದು ಕರೆ ಮಾಡಿ. ಪ್ರಯಾಣಕ್ಕೆ ಒಆರ್‌ಎಸ್ ಪಾಕೀಟು ಎರಡು ಕೊಟ್ಟು, ಕಾರ್ಡನ್ನು ಟ್ರಂಕಿನಲ್ಲಿಡದೆ ಕೈಚೀಲದಲ್ಲಿಟ್ಟುಕೊಳ್ಳಲು ಹೇಳಿ. ನಿಮ್ಮ ಡೈರಿಯಲ್ಲಿ ಆ ಕೂಸಿನ ಮುಂದಿನ ಲಸಿಕೆಯ ತಾರೀಖನ್ನು ಗುರುತು ಹಾಕಿಕೊಂಡು, ಆ ದಿನ ಬೆಳಗ್ಗೆ ಅವರು ಎಲ್ಲೇ ಇರಲಿ ಫೋನು ಮಾಡಿ. ಲಸಿಕೆ ಆಯಿತೆಂದು ತಿಳಿದ ಮೇಲೆಯೇ ಆ ಸಾಲಿನ ಮುಂದೆ ಗೆರೆ ಎಳೆಯಿರಿ.